ಅಂಟು ನಂಟು

ಬೆಳಗಿನ ಆರಕ್ಕೇ ಹಳದಿ ಜಾಕೆಟು ತೊಡಿಸಿ
ನಮ್ಮನ್ನು ಸಾಲಾಗಿ ನಿಲ್ಲಿಸಿ ಡೆರಿಕ್ ಓದಿದ:
ಗೋಂದು, ಬೀಗ, ಸೈಕಲ್ ಚೈನು,
ತಂತಿ ಕತ್ತರಿಸುವ ಇಕ್ಕಳ, ಮಡಚುವ ಏಣಿ.
ಕಂಡರೆ ಕೂಗಬೇಡಿ, ವಾಕಿಟಾಕಿಯಲ್ಲಿ ಹೇಳಿ.
ಮುಖದಲ್ಲಿ ನಗು ಇರಲಿ. ಬಂದವರು ಹಬ್ಬಕ್ಕೆ ಬಂದವರು.

ಹನ್ನೊಂದರ ಹೊತ್ತಿಗೆ ಲಿವರ್‌ಪೂಲಿನ ರೈಲುಗಳು
ಗರಿಯ ಟೋಪಿಗಳನ್ನು ತಂದು ಸುರಿದವು.
ಏಪ್ರಿಲ್ಲಿನ ಚಳಿಗೆ ಬರಿದೋಳುಗಳೆಲ್ಲ ನವಿರೆದ್ದಿವೆ,
ಆದರೂ ಒಬ್ಬಳೂ ಕೋಟು ತಂದಿಲ್ಲ.
ನಾನು ಚೀಲಗಳ ಬಾಯಿ ತೆರೆದು ಟಾರ್ಚು ಬಿಟ್ಟೆ:
ಶಾಂಪೂ ಬಾಟಲಿಯಲ್ಲಿ ವೋಡ್ಕಾ,
ಹಿಂದಿರುಗುವಾಗ ಮೆಟ್ಟಲು ಹವಾಯಿ ಚಪ್ಪಲಿ,
ತೀರಿಹೋದ ಗಂಡನ ಫೋಟೋ.
ವರ್ಷಕ್ಕೊಮ್ಮೆ ಅವನ ಹೆಸರಲ್ಲಿ ಐದು ಪೌಂಡು ಕಟ್ಟುವುದಂತೆ,
ಬದುಕಿದ್ದಾಗಲೂ ಒಮ್ಮೆಯೂ ಗೆದ್ದವನಲ್ಲವಂತೆ.

ಆಮೇಲೆ ಆ ಹುಡುಗಿ. ಬೆರಳುದ್ದದ ಗೋಂದಿನ ಟ್ಯೂಬು.
“ಶೂ ಹಿಮ್ಮಡಿ ಕಿತ್ತಿದೆ” ಎಂದು ಕಾಲೆತ್ತಿ ತೋರಿದಳು.
ನಿಜಕ್ಕೂ ಕಿತ್ತಿತ್ತು.
ಬಿಟ್ಟೆ.
ಡೆರಿಕ್‌ಗೆ ಇವತ್ತಿಗೂ ಹೇಳಿಲ್ಲ.

ಮೂರೂ ಮುಕ್ಕಾಲಿಗೆ ಬೇಲಿ ಹಾರಿದರು, ಒಂಬತ್ತು ಮಂದಿ.
ಓಟಕ್ಕೆ ಮೊದಲೇ ಓಟ. ಒದ್ದೆ ಹುಲ್ಲಿನ ಮೇಲೆ
ಪೊಲೀಸರ ಬೂಟು ಜಾರಿತು, ಟೋಪಿ ಉರುಳಿತು,
ಗ್ಯಾಲರಿ ಎದ್ದು ನಿಂತು ಬೈಯಿತು, ಬಿಯರು ಎರಚಿತು.
ನನ್ನ ಬೆನ್ನ ಹಿಂದೆ ಇಬ್ಬರು
ಯಾವ ಪೇದೆ ಮೊದಲು ಹಿಡಿಯುತ್ತಾನೆಂದು ಬಾಜಿ ಕಟ್ಟಿದರು.

ಎರಡನೇ ತಡೆಯ ಬಿಳಿ ಕಂಬಿಗೆ ಅಂಗೈ ಅಂಟಿಸಿ
ಕೂತಿದ್ದವಳು ಅವಳೇ.
ಪಕ್ಕದಲ್ಲಿ ಹಿಮ್ಮಡಿಯಿಲ್ಲದ ಶೂ.
“ಲಿನೆಟ್, ನಿನ್ನದು ಹಗುರ ಕೈ” ಎಂದು
ಬಿಸಿ ಸೋಪುನೀರಿನ ಬೋಗುಣಿ ಕೊಟ್ಟು ನನ್ನನ್ನೇ ಕೂರಿಸಿದರು.
ಬೆರಳ ಸಂದಿಗೆ ಹನಿಹನಿಯಾಗಿ ಬಿಟ್ಟೆ.
ಹೆಸರು ಕೆರಿಸ್. ರೆಕ್ಸಮ್ ಕಡೆಯವಳು. ನಡುಗುತ್ತಿದ್ದಳು.
“ನಿಮಗೆ ಕುದುರೆ ಅಂದರೆ ಇಷ್ಟವಿಲ್ಲವೇ?” ಎಂದಳು.

ಏನು ಹೇಳಲಿ ಮಗಳೇ.
ಹದಿನೇಳರಲ್ಲಿ ನಾನು ಲಾಯದ ಕೆಲಸದವಳು.
ಪಾರ್ಸನ್ ಎಂಬ ಕಂದು ಕುದುರೆ, ಕೊಡೆ ಕಂಡರಾಗದು ಅದಕ್ಕೆ,
ತುಟಿಯನ್ನು ಬೆರಳಿನಂತೆ ಮಡಚಿ
ನನ್ನ ಜೇಬಿನ ಪೆಪ್ಪರ್‌ಮಿಂಟು ಕದಿಯುತ್ತಿತ್ತು.
ಒಂದು ಶನಿವಾರ ಅದರ ಜೂಲು ಹೆಣೆದು ಗಾಡಿ ಹತ್ತಿಸಿದೆ.
ಸಂಜೆ ತಲೆಪಟ್ಟಿಯೊಂದೇ ಮರಳಿತು,
ಬಕಲಿನಲ್ಲಿ ನಾಲ್ಕು ಕಂದು ಕೂದಲು.
ಸೋಮವಾರಕ್ಕೆ ಬೇರೆಯದು ಬರುತ್ತದೆ, ಲಾಯ ತೊಳೆ ಎಂದರು.
ತೊಳೆದೆ.
ಇದನ್ನೆಲ್ಲ ಹೇಳದೆ
“ಕೈ ಎಳೆಯಬೇಡ, ಚರ್ಮ ಬರುತ್ತದೆ” ಎಂದೆ.
ಒಂದಿಷ್ಟು ಬಂದೇ ಬಂತು.

ಹದಿನಾಲ್ಕು ನಿಮಿಷ ತಡವಾಗಿ ಓಟ ಬಿಟ್ಟರು.
ನೆಲ ಮೊದಲು ಪಾದಕ್ಕೆ ಹೇಳಿತು, ಆಮೇಲೆ ಕಿವಿಗೆ.
ಹತ್ತನೆಯ ತಡೆಯ ಬಳಿ ಸೀಟಿ.
ನಾವು ನಾಲ್ವರು ಹಸಿರು ಪರದೆ ಹಿಡಿದು ಓಡಿದೆವು,
ಮೂಲೆಗೊಬ್ಬರು, ಬಟ್ಟೆ ಬಿಗಿಯಾಗಿ.
ಡೆರಿಕ್ ಅದನ್ನೂ ಓದಿ ಹೇಳಿದ್ದ: ನಿಮ್ಮ ಮುಖ ಜನರ ಕಡೆಗಿರಲಿ.
ನಾನು ಒಳಕ್ಕೆ ತಿರುಗಿದೆ.

ಜಾಕಿ ಹುಡುಗ ಹಲ್ಲಿನಲ್ಲಿ ಮಣ್ಣು ಕಚ್ಚಿಕೊಂಡು
ಹೆಲ್ಮೆಟ್ಟಿನೊಳಕ್ಕೆ ನೋಡುತ್ತ ಕೂತಿದ್ದ.
ಕುದುರೆಯ ಒಂದು ಕಿವಿ ಮಾತ್ರ
ಗ್ಯಾಲರಿಯ ಕೇಕೆಯ ಕಡೆಗೆ ಇನ್ನೂ ತಿರುಗುತ್ತಿತ್ತು,
ತನ್ನನ್ನೇ ಕರೆದರೇನೋ ಎಂಬಂತೆ.

ಯಾರೋ ಗೆದ್ದರು. ಬ್ಯಾಂಡು ಬಾರಿಸಿದರು.
ಒಂಬತ್ತರ ಬಸ್ಸು ಹತ್ತಿ ಕೂತಾಗ ಗೊತ್ತಾಯಿತು,
ಟಿಕೆಟು ನನ್ನ ಹೆಬ್ಬೆರಳಿಗೆ ಅಂಟಿಕೊಂಡಿದೆ.
ಇಳಿಯುವವರೆಗೂ ಕೀಳಲಿಲ್ಲ.