ಎಳೆ

ಸಮುದ್ರದ ನಡುವೆ ಗ್ರಾನೈಟಿನ ಗುಡ್ಡ ಮುಳುಗಿದೆ ಅಂದಾಗ
ಅಪ್ಪ ನಂಬಲಿಲ್ಲ.
"ಉಪ್ಪುನೀರಲ್ಲಿ ನಮ್ ಕಲ್ಲೇನ್ ಮಾಡ್ತದಮ್ಮಿ?"

ದೋಣಿಯಲ್ಲಿ ಎರಡು ಗಂಟೆ, ಅಂದೆ.
ಬೆನ್ನಿಗೆ ಸಿಲಿಂಡರು, ಸೊಂಟಕ್ಕೆ ಸೀಸ,
ಅಂಚಿನ ಮೇಲೆ ಕೂತು ಹಿಂದಕ್ಕೆ ಉರುಳಿದರೆ
ಆಕಾಶ ಕಾಲ ಕಡೆಗೆ ಹೋಗುತ್ತದೆ.
ಕೆಳಗೆ ಮನೆ ಮನೆಯಷ್ಟು ಗುಂಡುಗಳು
ಥೇಟ್ ನಮ್ಮ ಗುಡಿಬಂಡೆ ದಾರಿಯ ಹಾಗೇ ಒಂದರ ಮೇಲೊಂದು.
ಕತ್ತಾಳೆಯ ಜಾಗದಲ್ಲಿ ಹವಳದ ಬೀಸಣಿಗೆ,
ಓತಿಕ್ಯಾತದ ಜಾಗದಲ್ಲಿ
ಬಂಡೆಯನ್ನೇ ಕಟಕಟ ಕಡಿಯುವ ಗಿಳಿಮೂತಿ ಮೀನು.

"ಕಲ್ಲು ಕಡಿಯೋ ಮೀನಾ! ದಿನಕ್ಕೆಷ್ಟು ಕೂಲಿ ಅದಕ್ಕೆ?"
ನಕ್ಕ. ನಗು ಕೆಮ್ಮಾಯಿತು.
ಕೆಮ್ಮು ನಿಂತ ಮೇಲೆ
ನಿಜವಾದ ಪ್ರಶ್ನೆ ಕೇಳಿದ:
"ಎಳೆ ಎತ್ಲಾಗಿತ್ತು?"

ಆಮೆ ನೋಡಿದ್ದೆ.
ಗಾಳಿ ಎಷ್ಟು ಉಳಿದಿದೆಯೆಂದು ಮುಳ್ಳು ನೋಡಿದ್ದೆ,
ಬಂದವರ ಫೋಟೋಗೆ ಹೆಬ್ಬೆರಳು ಎತ್ತದೆ
ಬೆರಳು ಸುತ್ತಿ ಸೊನ್ನೆ ತೋರಿಸಿದ್ದೆ.
ಎಳೆ ನೋಡಿರಲಿಲ್ಲ.

ಮುಂದಿನ ರಜೆಗೆ ಹಳೇ ಸಿಲಿಂಡರೊಂದು ಜೊತೆಗೆ ಬಂತು.
ಗ್ಯಾಸಾ? ಅಂದ ಕಂಡಕ್ಟರು.
ಗಾಳಿ, ಅಂದೆ.
ಗಾಳಿಗೂ ಲಗೇಜು ಟಿಕೆಟ್ಟು ಹರಿದು
ಪೇರೇಸಂದ್ರದಲ್ಲಿ ಇಳಿಸಿದ.

ಬಂದಾದ ಕ್ವಾರಿ. ಹದಿನಾಲ್ಕು ವರ್ಷದ ನೀರು.
ಟ್ರಾಕ್ಟರಿನ ಟ್ಯೂಬು ನಾಲ್ಕು, ಮೇಲೊಂದು ಹಳೇ ಬಾಗಿಲು,
ಚಿಲಕ ಇನ್ನೂ ಇದ್ದ ದೋಣಿ ನಮ್ಮದು.
ಒಂದು ಸಲ ಎಳೆದರೆ ಚೆನ್ನಾಗಿದ್ದೀನಿ,
ಮೂರು ಸಲ ಎಳೆದರೆ ಎತ್ತು,
ಅಂತ ಹಗ್ಗದ ತುದಿ ಅಪ್ಪನ ಕೈಗೆ ಕೊಟ್ಟೆ.
ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡ.

ಮೂರು ಮಾರು ಹಸಿರು.
ಆಮೇಲೆ ಟೀ ಬಣ್ಣ.
ಆಮೇಲೆ ಟಾರ್ಚು, ನನ್ನದೇ ಗುಳ್ಳೆಗಳ ಸದ್ದು.
ಹವಳವಿಲ್ಲ. ಜಿಲೇಬಿ ಮೀನಿನ ಮರಿಗಳು,
ತುಕ್ಕು ಹಿಡಿದ ಕಂಪ್ರೆಸರು,
ನಿಂತಲ್ಲೇ ಸತ್ತ ಹೊಂಗೆ.
ಅಮ್ಮ ನನಗೆ ಜೋಲಿ ಕಟ್ಟುತ್ತಿದ್ದ ಕೊಂಬೆ
ಈಗ ನನ್ನ ಮೊಣಕಾಲಿನ ಮಟ್ಟಕ್ಕೆ.
ಹಿಡಿದೆ. ಕೈಗೆ ಹಾವಸೆ ಬಂತು.

ಗೋಡೆ ತುಂಬ ಬೆಣೆಯ ಗುಳಿಗಳು,
ಗೇಣಿಗೊಂದು, ಸಾಲು ತಪ್ಪದೆ.
ಒಂದು ಕಡೆ ಮಾತ್ರ ಸೊಟ್ಟ:
ಅಲ್ಲಿ ಗಂಗುಲಪ್ಪ ಮಾವ ಕೂತಿರಬೇಕು,
ಚೂರು ಸಿಡಿದು ಒಂದೇ ಕಣ್ಣು ಉಳಿದ ಮೇಲೆ.
ಗ್ಲೌಸು ಬಿಚ್ಚಿ ಅಂಗೈಯಿಟ್ಟೆ.
ಒಂದು ದಿಕ್ಕಿಗೆ ಸವರಿದರೆ ಮಗುವಿನ ಬೆನ್ನು,
ಇನ್ನೊಂದಕ್ಕೆ ಬೆಕ್ಕಿನ ನಾಲಿಗೆ.
ಸೊಂಟದ ದಿಕ್ಸೂಚಿ ನೋಡಿದೆ. ಮತ್ತೆ ಸವರಿದೆ.

ಹಗ್ಗ ಅಲುಗಿತು, ಕರೆದಂತಲ್ಲ,
ನಿದ್ದೆಯಲ್ಲಿದ್ದವರ ಮೂಗಿನ ಬಳಿ ಬೆರಳಿಟ್ಟು ನೋಡುವಂತೆ.
ಒಂದು ಸಲ ಎಳೆದೆ.

ಮೇಲೆ ಬಂದು ಬಾಯಿಂದ ರಬ್ಬರು ಉಗುಳಿ
"ಮೂಡ್ಲಿಂದ ಪಡುವಲಕ್ಕೆ" ಅಂದೆ.
"ಅದು ನಂಗೊತ್ತು" ಅಂದ ಅಪ್ಪ,
ಮಣಿಕಟ್ಟಿನ ಹಗ್ಗ ಬಿಚ್ಚುತ್ತಾ. ಕೆಂಪಗೆ ಎರಡು ಬರೆ ಬಿದ್ದಿದ್ದವು.
"ಆ ಸಮುದ್ರದ್ದು?"

ತಲೆ ಓರೆ ಮಾಡಿ
ಕಿವಿ ತಟ್ಟಿಕೊಂಡೆ,
ನೀರು ನುಗ್ಗಿದವಳ ಹಾಗೆ.