ಹೌ

ಮೊದಲ ಹತ್ತು ನಿಮಿಷ ಎಲ್ಲ ಸರಿ ಇತ್ತು.
ಬಾಗಿಲಲ್ಲಿ ಗುಲಾಬಿ ನೀರು ಚಿಮುಕಿಸುವ ಹುಡುಗರು,
ದೇಗಿನ ಮುಚ್ಚಳ ಎತ್ತಿದರೆ ಹಬೆ,
ಹಬೆಯ ಜೊತೆಗೇ ಯಾರದೋ 'ಹಟೋ ಹಟೋ'.
ಇಪ್ಪತ್ತನೇ ನಿಮಿಷಕ್ಕೆ ಮುಚ್ಚಳ ಬಿದ್ದದ್ದು ಮೊದಲು,
ಠಣ್ ಅಂದದ್ದು ಆಮೇಲೆ.
ನಲವತ್ತಕ್ಕೆ, ಸಿಟ್ಟಾದ ಮಾವ ಬಾಯಿ ಮುಚ್ಚಿದ ಮೇಲೆ
ಬೈಗುಳ ಶುರುವಾಯಿತು,
ಅದೂ ಐಸ್‌ಕ್ಯಾಂಡಿ ಚೀಪುವ ಕೂಸಿನ ಬಾಯಿಂದ.

ತೊಂಬತ್ತೊಂದರ ಮದುವೆ. ಮೈದುನ ಮನೆಯಲ್ಲೇ
ಕ್ಯಾಸೆಟ್ಟಿನಿಂದ ಇಳಿಸಿದ ಡಿಸ್ಕು.
ಕ್ಯಾಸೆಟ್ಟು ಬೂಷ್ಟು ಹಿಡಿದು ತಿಪ್ಪೆ ಸೇರಿದೆ.
'ಗಂಡಸರ ಅಂಗಡ್ಯಾಗ ಕೊಡ್ಲಿಲ್ಲ ಇಂದುಮತಿ,
ನಿನ್ ಬಲ್ಲಿ ತಂದೀನಿ,' ಅಂದರು ರಫತ್ ಆಪಾ,
ಚಿಟಗುಪ್ಪ ಆಸ್ಪತ್ರೆಯ ನರ್ಸು.
'ಬರೋ ತಿಂಗಳ ಮಗಳ ಮದಿವಿ ಅದ. ಹ್ಯಾಂಗರ ಮಾಡಿ ಕೂಡಿಸು.'

ಉಸ್ಮಾನ್‌ಗಂಜಿನ ಗಲ್ಲಿ, ತಗಡಿನ ಛಾವಣಿ,
ಎರಡು ಟೇಬಲ್ ಫ್ಯಾನು: ಒಂದು ಕಂಪ್ಯೂಟರಿಗೆ,
ಇನ್ನೊಂದೂ ಕಂಪ್ಯೂಟರಿಗೆ.

ಈ ರೋಗದಲ್ಲಿ ಎರಡು ಥರ.
ಉದ್ದಕ್ಕೂ ಒಂದೇ ಅಂತರವಾದರೆ ಸುಲಭ,
ಇಡೀ ಸದ್ದನ್ನು ಹಿಡಿದು ಈಚೆ ಎಳೆದರಾಯಿತು,
ಮಂದಿ ಕೂರುವ ಮುಂಚೆ ಜಮಖಾನೆ ಎಳೆದ ಹಾಗೆ.
ಇದು ಹಾಗಲ್ಲ. ಹೋಗ್ತಾ ಹೋಗ್ತಾ ಜಾರುವುದು.
ಕರೆಂಟು ಏರಿಳಿದಾಗೆಲ್ಲ ಮೈದುನನ ಯಂತ್ರ
ಸೆಕೆಂಡಿನ ಇಪ್ಪತ್ತೈದು ಚಿತ್ರದಲ್ಲಿ ಒಂದನ್ನೋ ಎರಡನ್ನೋ ನುಂಗಿದೆ,
ಯಾರ ಕಣ್ಣಿಗೂ ಬೀಳದ ಕಳವು.
ಸದ್ದು ಮಾತ್ರ ಒಂದನ್ನೂ ಬಿಟ್ಟುಕೊಟ್ಟಿಲ್ಲ.
ಅದಕ್ಕೇ ಹಿಂದೆ ಬಿದ್ದಿದೆ.

ಚಿಕ್ಕವಳಿದ್ದಾಗ ಕೋಟೆಯ ಗೋಡೆ ಹತ್ತಿಸಿ ಅಪ್ಪ ತೋರಿಸಿದ್ದ:
ಕೆಳಗೆ ಒಬ್ಬ ಕೆಂಪು ಕಲ್ಲು ಒಡೆಯುತ್ತಿದ್ದ.
ಸುತ್ತಿಗೆ ಮತ್ತೆ ಮೇಲೆ ಹೋದಾಗ
ಹಿಂದಿನ ಏಟು ನಮ್ಮ ಕಿವಿಗೆ.
'ದೂರ ಇದ್ದಷ್ಟೂ ತಡ,' ಅಂದಿದ್ದ.
ಈ ಡಿಸ್ಕಿನಲ್ಲಿ ಮದುವೆಯ ಮನೆಯೇ
ನಿಮಿಷಕ್ಕಿಷ್ಟು ದೂರ ನಡೆದು ಹೋಗುತ್ತಿದೆ.

ಚಪ್ಪಾಳೆ, ಬಳೆ, ಮುಚ್ಚಳ, ಪಟಾಕಿ
ಅಲೆಯ ಗೆರೆಯಲ್ಲಿ ಜಾಲಿ ಮುಳ್ಳಿನಂತೆ ಏಳುತ್ತವೆ.
ಆ ಮುಳ್ಳು ಹಿಡಿದು ಚಿತ್ರಕ್ಕೆ ಚುಚ್ಚಿ,
ನಡುವೆ ಹೆಚ್ಚಾದದ್ದನ್ನು ಕತ್ತರಿಸಬೇಕು.
ಕತ್ತರಿ ಯಾವತ್ತೂ ಮೌನದಲ್ಲಿ ಆಡಿಸಬೇಕು,
ಮಾತಿಗೆ ತಾಗಿದರೆ ಟಿಕ್ ಅನ್ನುತ್ತದೆ.

ಐವತ್ತೊಂದನೇ ನಿಮಿಷಕ್ಕೆ ಸಿಕ್ಕಿತು ಒಂದು ದೊಡ್ಡ ಮೌನ.
ಪರದೆಯಾಚೆ ಗಂಡಸಿನ ದನಿ:
ಹುಡುಗನ ಹೆಸರು, ಅವನಪ್ಪನ ಹೆಸರು, ಮೆಹರಿನ ಮೊತ್ತ,
ಕಬೂಲ್ ಹೈ?
ಕೆಂಪು ಸೆರಗಿನಡಿ ತುಟಿ ಕಾಣುವುದಿಲ್ಲ.
ಏಳು ಸೆಕೆಂಡು. ಆಮೇಲೆ, ಹೌ.
ನನಗೆ ಬೇಕಾದದ್ದೂ ಸುಮಾರು ಏಳೇ.
ಒಂದೇ ಏಟಿಗೆ ಎತ್ತಿಬಿಟ್ಟೆ, ಖುಷಿಯಿಂದ ಚಹಾ ಕುಡಿದೆ.

ಸಂಜೆ ರಫತ್ ಆಪಾ ಬಂದು ಕೂತು ನೋಡಿದರು.
ಮುಚ್ಚಳ ಬಿದ್ದಾಗಲೇ ಠಣ್ ಅಂದಿತು, ನಕ್ಕರು.
ಮಾವನ ಬೈಗುಳ ಮಾವನಿಗೇ ವಾಪಸ್ಸು ಹೋಗಿತ್ತು, ನಕ್ಕರು.
ಕಬೂಲ್ ಹೈ? ಹೌ.
ನಗಲಿಲ್ಲ.
'ನಡುವ ಸುಮ್ನ ಕುಂತಿದ್ನಲ್ಲ, ಅದೆಲ್ಲಿ ಹೋತು?'
ಚಿತ್ರ ನುಂಗಿದ್ದು, ಸದ್ದು ಹಿಂದೆ ಬಿದ್ದದ್ದು
ಎಲ್ಲ ಬಿಡಿಸಿ ಹೇಳಿದೆ. ಕೇಳಿದರು.
'ಉಳಿದದ್ದೆಲ್ಲ ಡಿಸ್ಕಿನ ತಡ, ಖರೆ.
ಅದೊಂದು ನಂದು.'
ಪರ್ಸಿನ ಜಿಪ್ಪು ತೆಗೆದು, ಹಾಕಿ,
'ಮಗಳು ಕೇಳ್ಬೇಕದು,' ಅಂದರು. ಅಷ್ಟೇ.

ರಾತ್ರಿ ಹನ್ನೊಂದರವರೆಗೆ ಬೇರೆ ಕಡೆ ಕೈ ಹಾಕಿದೆ:
ಊಟದ ಗದ್ದಲದಲ್ಲಿ ಚೂರು, ಬ್ಯಾಂಡಿನವರ ಕೆಮ್ಮಿನಲ್ಲಿ ಚೂರು,
ಮಾವನ ಬೈಗುಳದಲ್ಲಿ ಎರಡು ಪೂರಾ ಬೈಗುಳ.
ಏಳು ಸೆಕೆಂಡು ಹೊರಟ ಜಾಗಕ್ಕೆ ಬಂದು ಕೂತವು.
ಹೆಡ್‌ಫೋನ್ ಹಾಕಿ ಕೇಳಿದರೆ ಬರಿ ಮೌನವೂ ಅಲ್ಲ:
ಒಂದು ಬಳೆ ಜಾರುತ್ತದೆ, ಹೊರಗೆ ಸೈಕಲ್ಲಿನ ಗಂಟೆ,
ಯಾವುದೋ ಮುದುಕಿ 'ಬೋಲ್ ಬೇಟಾ',
ಒಂದು ಉಸಿರು ಒಳಗೆ ಹೋಗಿ
ಅಲ್ಲೇ ನಿಲ್ಲುತ್ತದೆ.

ಹೌ.
ಅವರ ದಖನಿಯಲ್ಲೂ ನಮ್ಮ ಬೀದರಿನ ಕನ್ನಡದಲ್ಲೂ
ಒಂದೇ ಮಾತು. ನನ್ನ ಮದುವೆಯಲ್ಲಿ
ಯಾರೂ ಕೇಳಿರಲಿಲ್ಲ, ಬ್ಯಾಂಡು ಜೋರಾಗಿತ್ತು.

ಅವಸರ ಮಾಡದೆ ನಾಲ್ಕರ ವೇಗದಲ್ಲಿ ಸುಟ್ಟೆ.
ಬಿಸಿ ಡಿಸ್ಕಿನ ಮೇಲೆ ಮಾರ್ಕರಿನಲ್ಲಿ ಬರೆದೆ
ಹೆಸರು, ತಾರೀಖು, ಕೆಳಗೆ ಸಣ್ಣದಾಗಿ
ಮುಂದೆ ಬರುವ ರಿಪೇರಿಯವನಿಗೆ:
ಐವತ್ತೊಂದನೇ ನಿಮಿಷ ಸರಿ ಇದೆ,
ಮುಟ್ಟಬೇಡ.