ಮೊದಲ ಹಂತ ಎಲ್ಲಿ ಬಿತ್ತು

ಜೆಜ್‌ಕಾಜ್ಗಾನಿನಿಂದ ನೂರಿಪ್ಪತ್ತು ಕಿಲೋಮೀಟರು,
ಕೊನೆಯ ನಲವತ್ತಕ್ಕೆ ರಸ್ತೆಯೇ ಇಲ್ಲ.
ಪ್ರೊಜೆಕ್ಟರನ್ನು ಬಾಣಂತಿಯ ಕೂಸಿನ ಹಾಗೆ
ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ತಂದೆ.
ಸಾಮುದಾಯಿಕ ಬೇಸಾಯದ ಕಾಲದ ಕ್ಲಬ್ಬು,
ಮೂವತ್ತೊಂದು ಕುರ್ಚಿ, ನಲವತ್ತಾರು ಜನ, ಒಂದು ನಾಯಿ.
ಪರದೆಯೆಂದರೆ ಎರಡು ದುಪ್ಪಟಿ; ನಡುವಿನ ಹೊಲಿಗೆ
ಇಡೀ ಬ್ರಹ್ಮಾಂಡವನ್ನು ಉದ್ದಕ್ಕೆ ಸೀಳಿತ್ತು.

ಕತೆ ಸುಲಭ. ಐವರು ಹೊರಡುತ್ತಾರೆ, ಒಬ್ಬ ಮರಳುತ್ತಾನೆ.
ಅಲ್ಮಾಟಿಯಲ್ಲಿ ಜನ ಬಿಕ್ಕಿ ಬಿಕ್ಕಿ ಅತ್ತರಂತೆ.
ನಾನು ಊರೂರಲ್ಲಿ ಕೂತು ನೋಡುವುದು ಸಿನಿಮಾವನ್ನಲ್ಲ,
ಅದರ ಬೆಳಕು ಬಿದ್ದ ಮುಖಗಳನ್ನು.
ಎಲ್ಲಿ ಉಸಿರು ಹಿಡಿಯುತ್ತಾರೆ,
ಎಲ್ಲಿ ಸೂರ್ಯಕಾಂತಿ ಬೀಜ ಒಡೆಯುವುದು ನಿಲ್ಲುತ್ತದೆ
ನನಗೆ ಬಾಯಿಪಾಠ.

ಇಲ್ಲಿ ಪಾಠ ತಪ್ಪಿತು.

ಹತ್ತು, ಒಂಬತ್ತು, ಎಂಟು...
ಉಳಿದೆಡೆ ಮಕ್ಕಳು ದನಿಗೂಡಿಸಿ ಎಣಿಸುತ್ತಾರೆ.
ಇಲ್ಲಿ ಮಕ್ಕಳು ಎದ್ದು, ಒಂದೊಂದಾಗಿ
ಕಿಟಕಿಗಳನ್ನೆಲ್ಲ ತೆರೆದಿಟ್ಟು ಬಂದರು
ಗಾಜು ಒಡೆಯದಿರಲಿ ಎಂದು. ಯಾರೂ ಹೇಳಿರಲಿಲ್ಲ.

ಬೆಂಕಿ ಮೇಲೆದ್ದಿತು. ಎರಡನೆಯ ನಿಮಿಷಕ್ಕೆ
ಮೊದಲ ಹಂತ ತೊಟ್ಟು ಕಳಚಿದ ಹಾಗೆ ಕಳಚಿತು.
ಕ್ಯಾಮೆರಾ ನಾಯಕನ ಜೊತೆ ಮೇಲೆ, ಇನ್ನೂ ಮೇಲೆ;
ನಲವತ್ತಾರು ಜೊತೆ ಕಣ್ಣು ಕೆಳಗೆ.

"ಎಲ್ಲಿ ಬಿತ್ತು?"
ಮುಂದಿನ ಸಾಲಿನಿಂದ ಕುಲ್ಯಾಶಜ್ಜಿ ತಿರುಗಿ ಕೇಳಿದಳು
ನನ್ನನ್ನೇ, ನಾನೇ ಹಾರಿಸಿದವಳ ಹಾಗೆ.
"ಅದನ್ನ ತೋರಿಸೋಲ್ಲ, ಅಜ್ಜಿ."
"ತೋರಿಸದಿದ್ದರೆ ಬೀಳೋದು ಬಿಡುತ್ತದೆಯೇ?"

ಅವಳ ಕುರಿಹಟ್ಟಿಯ ಮಾಡು ಹಾಗೆ ಬಿದ್ದದ್ದು.
ಕೋಳಿಗೆ ನೀರಿಡುವ ಬೋಗುಣಿ ಹಾಗೆ ಬಿದ್ದದ್ದು.
ತೊಲೆಗೆನನ ಹೆಣ್ಣುಕುದುರೆ
ಮೂರು ದಿನ ಹಳದಿ ಹುಲ್ಲು ಮೇಯ್ದು
ನಾಲ್ಕನೆಯ ಬೆಳಿಗ್ಗೆ ಕಾಲು ಚಾಚಿತು; ಅದರ ಲೆಕ್ಕ
ಯಾವ ಕಚೇರಿಯೂ ಬರೆದುಕೊಳ್ಳಲಿಲ್ಲ.

ಆಮೇಲೆ ಬಾಯಿಗೆ ಬಾಯಿ ಸೇರಿತು.
ಕಾಯುವ ಹೆಂಡತಿ ಆರು ವರ್ಷ ಅದೇ ಕಿಟಕಿಯಲ್ಲಿ ನಿಂತದ್ದಕ್ಕೆ
"ಆ ತೆರೆ ಒಮ್ಮೆಯಾದರೂ ಒಗೆಯಬಾರದೇ ಈಕೆ?" ಎಂದಳು ಐಗಾನಿಮ್.
ನಾಯಕನ ಕಣ್ಣೀರು ಮುತ್ತಾಗಿ ತೇಲಿದಾಗ
ಅಷ್ಟು ಹೊತ್ತು ತುಟಿ ಬಿಗಿದು ಕೂತಿದ್ದ
ಭೌತಶಾಸ್ತ್ರದ ಮೇಡಂ ರೈಖಾನ್ ತಡೆಯಲಾರದೆ,
"ಅದು ತೇಲುವುದಿಲ್ಲ. ಕಣ್ಣಿಗೇ ಅಂಟಿಕೊಂಡು
ದಪ್ಪವಾಗುತ್ತ ಹೋಗುತ್ತದೆ.
ಕೈಯಾರೆ ಒರೆಸಿಕೊಳ್ಳಬೇಕು, ಇಲ್ಲದಿದ್ದರೆ ಏನೂ ಕಾಣದು" ಎಂದರು.
ಹೇಳಿ, ಯಾಕೋ, ತಾವೇ ಕನ್ನಡಕ ತೆಗೆದರು.

ಕೊನೆಗೆ ಇಳಿದದ್ದು: ಹಸಿರು ಬಯಲು, ಪಿಟೀಲು, ಬಿಳಿ ಹೆಲಿಕಾಪ್ಟರು.
ನಾಯಕ ನಡೆದೇ ಬಂದ.
ಜುಮಾಬೇಕ್ ತಾತ ನಕ್ಕ ಅಬ್ಬರಕ್ಕೆ ನಾಯಿ ಬೊಗಳಿತು.
"ನಡೆಯೋದೆಲ್ಲಿ ಬಂತು! ಆವತ್ತು
ಹೆಲಿಕಾಪ್ಟರಿಗಿಂತ ಮೊದಲು ನನ್ನ ಕುದುರೆ ಮುಟ್ಟಿತ್ತು.
ಸೀದ ಹಂಡೆಯ ಹಾಗೆ ಅಡ್ಡಬಿದ್ದಿತ್ತು ಅದು.
ಆಮೇಲೆ ಬಂದವರು ಕರು ಎಳೆದ ಹಾಗೆ ಎಳೆದರು ಅವನನ್ನ,
ಕತ್ತು ನಿಲ್ಲದು. ಏನು ಬೇಕಪ್ಪಾ ಅಂದೆ.
ಅವನ ಮಾತು ನನಗೆ ತಿಳಿಯದು, ನನ್ನದು ಅವನಿಗೆ.
ಕೈ ಚಾಚಿ ಮಾಚಿಪತ್ರೆಯ ಒಂದು ಕಡ್ಡಿ ಮುರಿದ,
ಮೂಗಿಗೆ ಒತ್ತಿಕೊಂಡ, ಬಿಡಲೊಲ್ಲ.
ನಾವು ತುಳಿದು ಓಡಾಡೋ ಗಿಡ ಕಣಮ್ಮ ಅದು.
ಅಷ್ಟೇ. ಸಂಗೀತ ಗಿಂಗೀತ ಇರಲಿಲ್ಲ. ಗಾಳಿ ಇತ್ತು."

ಹೆಸರುಗಳು ಹರಿದು ಮುಗಿದವು. ಯಾರೂ ಏಳಲಿಲ್ಲ.
"ಆ ಜಾಗಕ್ಕೆ ಇನ್ನೊಮ್ಮೆ ಹೋಗು" ಎಂದಳು ಕುಲ್ಯಾಶ್.
ಹಿಂದಕ್ಕೆ ಓಡಿಸಿದೆ, ಮೆಲ್ಲಗೆ.

ದುಪ್ಪಟಿಯ ಕೆಳಗಂಚಿನಿಂದ
ಬಿದ್ದದ್ದು ಎದ್ದು ಬಂತು. ಹೊರಳುತ್ತ ಏರಿ
ತನ್ನ ತೊಟ್ಟನ್ನು ತಾನೇ ಹುಡುಕಿ ಕೂಡಿಕೊಂಡಿತು.
ಹೊಗೆ ಸುರುಳಿ ಬಿಚ್ಚಿ ಒಳಸೇರಿತು,
ಬೆಂಕಿ ತನ್ನನ್ನು ತಾನೇ ನುಂಗಿತು,
ನೆಲದ ಮೇಲೆ ತಣ್ಣಗೆ ನಿಂತಿತು ಒಂದು ಬಿಳಿ ಕಂಬ.

ತೊಲೆಗೆನ್ ಎದ್ದು ಹೊರಗೆ ಹೋದ.

ಕುಲ್ಯಾಶ್ ಬಹಳ ಹೊತ್ತು ನೋಡಿದಳು.
ಆಮೇಲೆ ಶಾಲು ಬಿಗಿದುಕೊಳ್ಳುತ್ತ,
"ಕೇಳಿದರೂ ಕೊಡೋಳಲ್ಲ ನಾನು" ಎಂದಳು,
"ಈ ಚಳಿಗಾಲ ಕಳೆಯಲಿ. ಒಳಗೆ ಮರಿಗಳಿವೆ."